ಇಲಿಗೆ ಹಿಡಿಸಿದ್ದು ಮನುಷ್ಯನಿಗೂ ಮದ್ದೇ? ಖಿನ್ನತೆ ಮತ್ತು ಚೀನೀ ಮೂಲಿಕೆಗಳ ಪರೀಕ್ಷೆ

ಪ್ರಶ್ನೆ: ನನ್ನ ತಂಗಿ ಸಿಂಗಪುರದಲ್ಲಿ ಕೆಲಸದಲ್ಲಿದ್ದಾಳೆ. ಖಿನ್ನತೆಗಾಗಿ ಎಂಟು ತಿಂಗಳಿಂದ ಎಸಿಟಲೋಪ್ರಾಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಈಚೆಗೆ ಸಹೋದ್ಯೋಗಿಯೊಬ್ಬರು ಅಲ್ಲಿನ ಚೀನೀ ಔಷಧದ ಅಂಗಡಿಯಿಂದ 'ಶ್ಯಾವೊಯಾವೊ' ಎಂಬ ಗುಳಿಗೆಗಳನ್ನು ಕೊಡಿಸಿದ್ದಾರೆ. ಅದರ ಮೂಲಿಕೆಗಳಲ್ಲಿರುವ ಅಂಶಗಳು ಖಿನ್ನತೆಯನ್ನು ಕಳೆಯುವುದು ಪ್ರಯೋಗಗಳಲ್ಲಿ ಸಾಬೀತಾಗಿದೆ ಎಂದು ಅವಳು ಕೆಲವು ಸಂಶೋಧನಾ ಲೇಖನಗಳನ್ನು ಕಳಿಸಿದ್ದಾಳೆ, ಅವುಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಮಲೇರಿಯಾಕ್ಕೆ ಚೀನೀ ಮೂಲಿಕೆಯಲ್ಲೇ ಮದ್ದು ಸಿಕ್ಕಿತಲ್ಲ, ಖಿನ್ನತೆಗೆ ಯಾಕೆ ಸಿಗಬಾರದು ಎಂಬುದು ಅವಳ ವಾದ. ಈ ಪ್ರಯೋಗಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಇಂಗ್ಲಿಷ್ ಮಾತ್ರೆ ಬಿಟ್ಟು ಇದನ್ನೇ ಮುಂದುವರಿಸಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಾತ್ರೆ ಬಿಡುವ ವಿಷಯ ಕಾಯುವಂಥದ್ದಲ್ಲ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ನಿಮ್ಮ ತಂಗಿ ಎಸಿಟಲೋಪ್ರಾಮನ್ನು ತಾವಾಗಿಯೇ ನಿಲ್ಲಿಸಬಾರದು. ತಿಂಗಳುಗಟ್ಟಲೆ ತೆಗೆದುಕೊಂಡ ಈ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂತಹ ಅನುಭವ ಕಾಣಿಸಿಕೊಳ್ಳಬಹುದು. ಅದಕ್ಕಿಂತ ಮುಖ್ಯವಾಗಿ, ಹತೋಟಿಗೆ ಬಂದಿದ್ದ ಖಿನ್ನತೆ ಮರುಕಳಿಸಬಹುದು. ಬಿಡುವ ಕಾಲ ಬಂದಿದ್ದರೂ ಅದನ್ನು ಬರೆದುಕೊಟ್ಟ ವೈದ್ಯರ ಸಲಹೆಯಂತೆ, ವಾರಗಟ್ಟಲೆ ಪ್ರಮಾಣ ತಗ್ಗಿಸುತ್ತ ಬಿಡಬೇಕು. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವ ವಿಚಾರಕ್ಕೆ ಮುಂದೆ ಬರುತ್ತೇನೆ.

ಇನ್ನು ನೀವು ಕಳಿಸಿದ ಲೇಖನಗಳು. ಅವುಗಳಲ್ಲಿ ಪಿಯೋನಿಫ್ಲೋರಿನ್, ಸೈಕೊಸಾಪೋನಿನ್, ಫೆರೂಲಿಕ್ ಆಮ್ಲ ಎಂಬ ಹೆಸರುಗಳು ಮತ್ತೆಮತ್ತೆ ಬರುತ್ತವೆ. ಇವೆಲ್ಲ ಒಂದೊಂದು ಮೂಲಿಕೆಯಿಂದ ಬೇರ್ಪಡಿಸಿ ಶುದ್ಧಗೊಳಿಸಿದ ರಾಸಾಯನಿಕಗಳು, ಮತ್ತು ಎಲ್ಲವನ್ನೂ ಪರೀಕ್ಷಿಸಿರುವುದು ಇಲಿಗಳ ಮೇಲೆ. ನಿಮ್ಮ ತಂಗಿ ನುಂಗಲು ಹೊರಟಿರುವ ಗುಳಿಗೆಯನ್ನು ಖಿನ್ನತೆಯಿರುವ ಮನುಷ್ಯರಿಗೆ ಕೊಟ್ಟು ನೋಡಿದ ಲೇಖನ ಆ ಕಟ್ಟಿನಲ್ಲಿ ಒಂದೂ ಇಲ್ಲ. ಶುದ್ಧ ರಾಸಾಯನಿಕ, ಮೂಲಿಕೆಯ ಸಾರ, ಹಲವು ಮೂಲಿಕೆ ಸೇರಿದ ಯೋಗ, ಇವು ಮೂರು ಬೇರೆಬೇರೆ ವಸ್ತುಗಳು. ಒಂದರ ಬಗ್ಗೆ ಸಿಕ್ಕ ಸಾಕ್ಷ್ಯವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವಂತಿಲ್ಲ. ಈ ಕ್ಷೇತ್ರದಲ್ಲಿ ಆಗುವ ಗೊಂದಲದ ಬಹುಪಾಲು ಹುಟ್ಟುವುದೇ ಇಲ್ಲಿ.

ಶ್ಯಾವೊಯಾವೊ ಚೀನಾದ ಹೆಸರಾಂತ ಯೋಗಗಳಲ್ಲೊಂದು. ಸೊಂಗ್ ಅರಸರ ಕಾಲದ ಸರ್ಕಾರಿ ಔಷಧಾಲಯದ ಯೋಗಸಂಗ್ರಹದಲ್ಲಿ, ಅಂದರೆ ಸುಮಾರು ಹನ್ನೆರಡನೇ ಶತಮಾನದ ಹೊತ್ತಿಗೆ, ಇದು ದಾಖಲಾಗಿದೆ. ಛಾಯ್‌ಹೂ ಬೇರು, ದಾಂಗ್‌ಗುಯಿ ಬೇರು, ಬಿಳಿ ಪಿಯೋನಿಯ ಬೇರು, ಬಾಯ್‌ಜೂ ಗೆಡ್ಡೆ, ಫೂಲಿಂಗ್ ಎಂಬ ಅಣಬೆ, ನಮ್ಮ ಜ್ಯೇಷ್ಠಮಧುವಿನ ಚೀನೀ ಸಂಬಂಧಿ, ಪುದೀನ ಜಾತಿಯ ಸೊಪ್ಪು, ಶುಂಠಿ, ಹೀಗೆ ಎಂಟು ಪದಾರ್ಥಗಳು ಇದರಲ್ಲಿ ಸೇರುತ್ತವೆ. ಚೀನೀ ವೈದ್ಯರು ಇದನ್ನು ಕೊಡುವುದು 'ಖಿನ್ನತೆ' ಎಂಬ ಆಧುನಿಕ ರೋಗಕ್ಕಲ್ಲ. ಯಕೃತ್ತಿಗೆ ಸೇರಿದ ಪ್ರಾಣಶಕ್ತಿಯ ಹರಿವು ಕಟ್ಟಿಕೊಂಡಿದೆ ಎಂದು ಅವರ ಶಾಸ್ತ್ರ ವಿವರಿಸುವ ಸ್ಥಿತಿಗೆ ಕೊಡುತ್ತಾರೆ. ಪಕ್ಕೆಗಳಲ್ಲಿ ಬಿಗಿತ, ನಿಟ್ಟುಸಿರು, ಹಸಿವಿಲ್ಲದಿರುವುದು, ದಣಿವು, ಮುಟ್ಟಿನ ಏರುಪೇರು ಅದರ ಲಕ್ಷಣಗಳು. ಖಿನ್ನತೆಯ ರೋಗಿಗಳಲ್ಲಿ ಹಲವರಿಗೆ ಈ ಲಕ್ಷಣಗಳು ಹೊಂದುತ್ತವೆ, ಎಲ್ಲರಿಗೂ ಹೊಂದುವುದಿಲ್ಲ. ಖಿನ್ನತೆಯೇ ಇಲ್ಲದ ಎಷ್ಟೋ ಜನರಿಗೂ ಹೊಂದುತ್ತವೆ.

ಇಲಿಯ ಪ್ರಯೋಗ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಅದರ ಬೆಲೆ ಎಷ್ಟು ಎಂಬುದು ತಾನಾಗಿ ತಿಳಿಯುತ್ತದೆ. ಗಾಜಿನ ಎತ್ತರದ ಜಾಡಿಯೊಂದರಲ್ಲಿ ಸುಮಾರು 25 ಡಿಗ್ರಿ ಸೆಲ್ಸಿಯಸ್‌ನ ನೀರು ತುಂಬಿರುತ್ತಾರೆ. ಪುಟ್ಟ ಇಲಿಯ ಕಾಲು ತಳಕ್ಕೆ ತಾಗದಷ್ಟು ಆಳ, ಹತ್ತಿ ಹೊರಬರಲು ಹಿಡಿತವಿಲ್ಲದ ನುಣುಪು ಗೋಡೆ. ಇಲಿಯನ್ನು ಅದರೊಳಗೆ ಬಿಟ್ಟಾಗ ಅದು ಮೊದಲು ಗಡಿಬಿಡಿಯಿಂದ ಈಜುತ್ತದೆ, ಗೋಡೆಯನ್ನು ಕೆರೆಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮೂಗಷ್ಟನ್ನೇ ನೀರಿನ ಮೇಲಿಟ್ಟು ಅಲುಗಾಡದೆ ತೇಲುತ್ತದೆ. ಪರೀಕ್ಷೆ ನಡೆಯುವುದು ಆರು ನಿಮಿಷ, ಅದರಲ್ಲಿ ಕೊನೆಯ ನಾಲ್ಕು ನಿಮಿಷಗಳಲ್ಲಿ ಇಲಿ ಎಷ್ಟು ಸೆಕೆಂಡು ಸುಮ್ಮನೆ ತೇಲಿತು ಎಂದು ಎಣಿಸುತ್ತಾರೆ. ರೋಜರ್ ಪೊರ್ಸೋಲ್ಟ್ ಮತ್ತು ಅವರ ಸಂಗಡಿಗರು 1977ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ತೇಲುವುದನ್ನು ಅವರು ಹತಾಶೆಯ ಗುರುತೆಂದು ಓದಿದರು, ಇಮಿಪ್ರಮಿನ್‌ನಂತಹ ಖಿನ್ನತೆಯ ಔಷಧ ಕೊಟ್ಟ ಪ್ರಾಣಿಗಳು ಕಡಿಮೆ ಹೊತ್ತು ತೇಲಿದ್ದನ್ನು ತೋರಿಸಿದರು. ಇಲಿಯನ್ನು ಬಾಲದಿಂದ ತೂಗುಹಾಕಿ ಅದು ಎಷ್ಟು ಹೊತ್ತು ಒದ್ದಾಡುವುದನ್ನು ಬಿಟ್ಟಿತು ಎಂದು ಎಣಿಸುವ ಇನ್ನೊಂದು ಪರೀಕ್ಷೆ 1985ರಲ್ಲಿ ಬಂತು. ಎರಡೂ ಅಗ್ಗ, ಎರಡೂ ಬೇಗ ಮುಗಿಯುತ್ತವೆ. 'ಖಿನ್ನತೆ ನಿವಾರಕ ಗುಣವುಳ್ಳದ್ದು' ಎಂದು ಪತ್ರಿಕೆಗಳಲ್ಲಿ ಬರುವ ಮೂಲಿಕೆಯ ಅಂಶಗಳಲ್ಲಿ ಹೆಚ್ಚಿನವು ಆ ಬಿರುದನ್ನು ಪಡೆದಿರುವುದು ಈ ಜಾಡಿಯಿಂದ ಮತ್ತು ಈ ಬಾಲದಿಂದ.

ತೇಲುತ್ತಿರುವ ಇಲಿ ನಿಜಕ್ಕೂ ಹತಾಶೆಗೊಂಡಿದೆಯೇ, ಅಥವಾ ದಾರಿಯಿಲ್ಲವೆಂದು ತಿಳಿದು ಶಕ್ತಿ ಉಳಿಸಿಕೊಳ್ಳುವ ಜಾಣತನ ತೋರುತ್ತಿದೆಯೇ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಒಲವು ಎರಡನೆಯದರ ಕಡೆಗಿದೆ. ಅದಿರಲಿ, ಇನ್ನೂ ಗಟ್ಟಿಯಾದ ಆಕ್ಷೇಪಗಳಿವೆ. ಮನುಷ್ಯರಲ್ಲಿ ಖಿನ್ನತೆಯ ಮಾತ್ರೆ ಫಲ ಕೊಡಲು ಎರಡರಿಂದ ನಾಲ್ಕು ವಾರ ಬೇಕು. ಜಾಡಿಯಲ್ಲಿ ಅದೇ ಔಷಧ ಒಂದೇ ಡೋಸಿಗೆ, ಗಂಟೆಯೊಳಗೆ 'ಕೆಲಸ' ಮಾಡುತ್ತದೆ. ಹಾಗಾದರೆ ಅಲ್ಲಿ ಅಳೆಯುತ್ತಿರುವುದು ಚೇತರಿಕೆಯನ್ನಲ್ಲ, ಬೇರೇನನ್ನೋ. ಕೆಫೀನ್‌ನಂತಹ ಚುರುಕುಗೊಳಿಸುವ ವಸ್ತುಗಳು ಸುಮ್ಮನೆ ಓಡಾಟ ಹೆಚ್ಚಿಸಿಯೇ ತೇಲುವ ಹೊತ್ತನ್ನು ತಗ್ಗಿಸಿಬಿಡುತ್ತವೆ. ಈ ಪರೀಕ್ಷೆಯ ಮೂಲ ರೂಪದಲ್ಲಿ ನಿಮ್ಮ ತಂಗಿ ತೆಗೆದುಕೊಳ್ಳುವ ಎಸ್‌ಎಸ್‌ಆರ್‌ಐ ಗುಂಪಿನ, ಅಂದರೆ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುವ, ಔಷಧಗಳೇ ಸರಿಯಾಗಿ ಪತ್ತೆಯಾಗುತ್ತಿರಲಿಲ್ಲ. ಈಜುವುದನ್ನೂ ಗೋಡೆ ಹತ್ತುವುದನ್ನೂ ಬೇರೆಬೇರೆಯಾಗಿ ಎಣಿಸುವ ತಿದ್ದುಪಡಿ 1990ರ ದಶಕದಲ್ಲಿ ಬಂದಮೇಲಷ್ಟೇ ಅವು ಲೆಕ್ಕಕ್ಕೆ ಸಿಕ್ಕವು. ಹಲವು ದೊಡ್ಡ ಔಷಧ ಕಂಪನಿಗಳು ಈಗ ಈ ಪರೀಕ್ಷೆಯನ್ನೇ ಕೈಬಿಟ್ಟಿವೆ. ಇದಕ್ಕಿಂತ ಮೇಲಾದದ್ದು ಪಾಲ್ ವಿಲ್ನರ್ 1987ರಲ್ಲಿ ರೂಪಿಸಿದ ಮಾದರಿ. ವಾರಗಟ್ಟಲೆ ಇಲಿಗಳಿಗೆ ಒದ್ದೆ ಹಾಸು, ವಾಲಿಸಿದ ಪಂಜರ, ಹಗಲು ರಾತ್ರಿಯ ಅದಲುಬದಲು ಮುಂತಾದ ಸಣ್ಣ ಕಿರುಕುಳಗಳನ್ನು ಕೊಟ್ಟು, ಅವು ಸಕ್ಕರೆ ನೀರಿನ ಮೇಲಿನ ಆಸೆಯನ್ನು ಕಳೆದುಕೊಳ್ಳುತ್ತವೆಯೇ, ಔಷಧ ಕೊಟ್ಟರೆ ಆ ಆಸೆ ಮರಳುತ್ತದೆಯೇ ಎಂದು ನೋಡುವ ಕ್ರಮ. ಇಲ್ಲಿ ಔಷಧ ವಾರಗಳ ಮೇಲೆ ಫಲ ಕೊಡುವುದರಿಂದ ಮನುಷ್ಯರ ಸ್ಥಿತಿಗೆ ಸ್ವಲ್ಪ ಹತ್ತಿರ. ಆದರೆ ಕೈಚಳಕ ಬೇಡುವ ಕೆಲಸ, ಒಂದು ಪ್ರಯೋಗಾಲಯದಲ್ಲಿ ಬಂದ ಫಲಿತಾಂಶ ಇನ್ನೊಂದರಲ್ಲಿ ಬರಲೇಬೇಕೆಂದಿಲ್ಲ.

ಅದರ ಮೇಲೆ ಪ್ರಮಾಣದ ಸಮಸ್ಯೆ. ಪಿಯೋನಿಫ್ಲೋರಿನನ್ನೇ ತೆಗೆದುಕೊಳ್ಳಿ. ಒಂದು ಪ್ರಯೋಗದಲ್ಲಿ ಇಲಿಗೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಕೊಟ್ಟರೆಂದು ಇಟ್ಟುಕೊಳ್ಳೋಣ. ಪುಟ್ಟ ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸಲು ರೂಢಿಯಲ್ಲಿರುವ ಲೆಕ್ಕದ ಪ್ರಕಾರ ಅದನ್ನು 12.3ರಿಂದ ಭಾಗಿಸಬೇಕು, 60 ಕಿಲೋ ತೂಕದ ವ್ಯಕ್ತಿಗೆ ಸುಮಾರು 195 ಮಿಲಿಗ್ರಾಂ ಆಗುತ್ತದೆ. ಚೀನಾದ ಔಷಧಕೋಶ ಬಿಳಿ ಪಿಯೋನಿ ಬೇರಿನಲ್ಲಿ ಇರಲೇಬೇಕೆನ್ನುವ ಪಿಯೋನಿಫ್ಲೋರಿನ್‌ನ ಕನಿಷ್ಠ ಪ್ರಮಾಣ ಶೇ 1.6. ಗುಳಿಗೆಗಳಲ್ಲಿ ದಿನಕ್ಕೆ ಒಟ್ಟು 9 ಗ್ರಾಂ ಮೂಲಿಕೆಯ ಪುಡಿ ಇದೆಯೆಂದೂ, ಅದರಲ್ಲಿ ಪಿಯೋನಿಯ ಪಾಲು ಆರರಲ್ಲೊಂದು ಎಂದೂ ಹಿಡಿದರೆ, ದೇಹಕ್ಕೆ ಸೇರುವ ಪಿಯೋನಿಫ್ಲೋರಿನ್ 24 ಮಿಲಿಗ್ರಾಂನ ಆಸುಪಾಸು. ಸೇರುವುದು ಎಂದೆನಾದರೂ ಅದೂ ಹೊಟ್ಟೆಗೆ ಮಾತ್ರ. ಬಾಯಿಯ ಮೂಲಕ ಕೊಟ್ಟ ಪಿಯೋನಿಫ್ಲೋರಿನ್‌ನಲ್ಲಿ ರಕ್ತಕ್ಕೆ ತಲುಪುವುದು ಶೇ 3ರಿಂದ 4ರಷ್ಟು ಎಂದು ಪ್ರಾಣಿಗಳಲ್ಲಿ ಅಳೆದಿದ್ದಾರೆ. ಇಲಿಗಳಿಗಾದರೋ ಎಷ್ಟೋ ಪ್ರಯೋಗಗಳಲ್ಲಿ ಅದನ್ನು ನೇರವಾಗಿ ಉದರಕ್ಕೆ ಚುಚ್ಚಿರುತ್ತಾರೆ.

ಇದಕ್ಕೆ ಚೀನೀ ಸಂಶೋಧಕರ ಬಳಿ ಒಂದು ಉತ್ತರವಿದೆ, ಅದು ತಳ್ಳಿಹಾಕುವಂಥದ್ದಲ್ಲ. ರಕ್ತಕ್ಕೆ ಸೇರದ ಅಂಶವೂ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡಬಹುದು, ಆ ಬ್ಯಾಕ್ಟೀರಿಯಾಗಳು ಅದನ್ನು ಬೇರೊಂದು ಅಣುವಾಗಿ ಮಾರ್ಪಡಿಸಿ ದೇಹಕ್ಕೆ ದಾಟಿಸಬಹುದು ಎನ್ನುತ್ತಾರೆ. ಬರ್ಬೆರಿನ್‌ನಲ್ಲಿ ಇದು ಕಂಡುಬಂದಿದೆ. ಚೀನಾದ ಹ್ವಾಂಗ್‌ಲಿಯಾನ್ ಬೇರಿನಲ್ಲಿಯೂ ನಮ್ಮ ಪಶ್ಚಿಮಘಟ್ಟದ ಮರದರಿಶಿನದಲ್ಲಿಯೂ ಇರುವ ಹಳದಿ ವಸ್ತು ಅದು. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಸುಲಭವಾಗಿ ಹೀರಲ್ಪಡುವ ಇನ್ನೊಂದು ರೂಪಕ್ಕೆ ತಿರುಗಿಸುತ್ತವೆ. ಬರ್ಬೆರಿನ್ ಕೂಡ ಈಜುವ ಜಾಡಿಯಲ್ಲಿ ತೇರ್ಗಡೆಯಾದದ್ದೇ; ಪಂಜಾಬ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಅದನ್ನು ವರದಿ ಮಾಡಿದ್ದರು. ಆದರೆ 'ಹೀಗೂ ಆಗಬಹುದು' ಎನ್ನುವ ವಿವರಣೆ ರೋಗಿಗೆ ಗುಣವಾಯಿತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಮಲೇರಿಯಾದ ವಾದಕ್ಕೆ ಬರೋಣ. ಟು ಯೂಯೂ ಅವರ ತಂಡ ನಾಲ್ಕನೇ ಶತಮಾನದ ಗೆ ಹೊಂಗ್ ಎಂಬ ಪಂಡಿತನ ಕೈಪಿಡಿಯಲ್ಲಿ ಕಂಡ ಸೂಚನೆಯನ್ನು ಹಿಡಿದು, ಕಡಿಮೆ ಶಾಖದಲ್ಲಿ ಈಥರ್ ಬಳಸಿ ಛಿಂಗ್‌ಹಾವ್ ಗಿಡದ ಸಾರ ತೆಗೆದದ್ದು 1971ರಲ್ಲಿ. ಅದರಿಂದ 1972ರಲ್ಲಿ ದೊರೆತ ಆರ್ಟೆಮಿಸಿನಿನ್‌ಗಾಗಿ 2015ರಲ್ಲಿ ಅವರಿಗೆ ನೊಬೆಲ್ ಬಂತು. ನಿಜವಾದ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಲೇರಿಯಾದಲ್ಲಿ ಶತ್ರು ಯಾರೆಂಬುದು ಗೊತ್ತಿತ್ತು. ರಕ್ತದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೋಪಜೀವಿಗಳನ್ನು ಎಣಿಸಬಹುದಿತ್ತು, ಇಲಿಯ ಮಲೇರಿಯಾ ಕೂಡ ಮಲೇರಿಯಾವೇ ಆಗಿತ್ತು. ಖಿನ್ನತೆಗೆ ಅಂತಹ ರಕ್ತಪರೀಕ್ಷೆ ಇಂದಿಗೂ ಇಲ್ಲ. ಇಲಿಯ ಖಿನ್ನತೆ ಎಂಬುದು ನಾವೇ ಕಟ್ಟಿಕೊಂಡ ಕಲ್ಪನೆ.

ಖಿನ್ನತೆಯ ಔಷಧಗಳ ಚರಿತ್ರೆಯನ್ನು ತಿರುವಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಆರಂಭದ ಎರಡು ದೊಡ್ಡ ಔಷಧಗಳೂ ಇಲಿಯಿಂದ ಬಂದವಲ್ಲ, ರೋಗಿಗಳನ್ನು ಗಮನಿಸಿದ್ದರಿಂದ ಬಂದವು. ಕ್ಷಯರೋಗಕ್ಕೆಂದು 1952ರ ಸುಮಾರಿಗೆ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಇಪ್ರೋನಿಯಾಜಿಡ್ ಕೊಟ್ಟಾಗ ರೋಗಿಗಳು ಅನಿರೀಕ್ಷಿತವಾಗಿ ಲವಲವಿಕೆ ತೋರಿದರು. ಸ್ಕಿಜೋಫ್ರೇನಿಯಾಕ್ಕೆಂದು ಬಂದಿದ್ದ ಇಮಿಪ್ರಮಿನ್ ಆ ರೋಗಕ್ಕೆ ತಟ್ಟದೆ ಖಿನ್ನತೆಯನ್ನು ಎತ್ತುತ್ತಿರುವುದನ್ನು ಸ್ವಿಟ್ಜರ್ಲೆಂಡಿನ ರೋಲಂಡ್ ಕುನ್ 1950ರ ದಶಕದ ಮಧ್ಯಭಾಗದಲ್ಲಿ ಗುರುತಿಸಿದರು. ನಮ್ಮ ಸರ್ಪಗಂಧದ ಕಥೆ ಇದಕ್ಕೆ ತಿರುಗುಮುರುಗು. ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಅದನ್ನು ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಉಪಯುಕ್ತವೆಂದು ಬರೆದರು. ಅದರಿಂದ 1952ರಲ್ಲಿ ಬೇರ್ಪಟ್ಟ ರೆಸರ್ಪಿನ್ ತೆಗೆದುಕೊಂಡವರಲ್ಲಿ ಕೆಲವರು ಖಿನ್ನರಾಗುತ್ತಿದ್ದಾರೆಂದು ವೈದ್ಯರು ವರದಿ ಮಾಡಿದರು. ಅದು ಮಿದುಳಿನ ಸೆರೊಟೋನಿನ್ ಮುಂತಾದವುಗಳನ್ನು ಬರಿದುಮಾಡುತ್ತದೆ ಎಂಬುದು ತಿಳಿದಮೇಲೆ, ಖಿನ್ನತೆ ಎಂದರೆ ಆ ರಾಸಾಯನಿಕಗಳ ಕೊರತೆ ಎಂಬ ಸಿದ್ಧಾಂತ ಬೆಳೆಯಿತು. ಇಂದು ಚೀನೀ ಮೂಲಿಕೆಯ ಅಂಶಗಳನ್ನು ಪರೀಕ್ಷಿಸಲು ಇಲಿಗಳನ್ನು 'ಖಿನ್ನ'ಗೊಳಿಸುವ ಒಂದು ವಿಧಾನವೆಂದರೆ ಅವುಗಳಿಗೆ ರೆಸರ್ಪಿನ್ ಚುಚ್ಚುವುದು. ರೆಸರ್ಪಿನ್ ನಿಜಕ್ಕೂ ಅಷ್ಟು ಜನರನ್ನು ಖಿನ್ನರನ್ನಾಗಿ ಮಾಡಿತ್ತೇ ಎಂಬುದನ್ನೇ ಆಮೇಲಿನ ವಿಮರ್ಶಕರು ಪ್ರಶ್ನಿಸಿದ್ದಾರೆ ಎಂಬುದು ಬೇರೆ ಮಾತು.

ಆದ್ದರಿಂದಲೇ ಈ ಸಂಶೋಧನೆಯ ಬಹುಪಾಲು ತಲೆಕೆಳಗಾಗಿ ನಡೆಯುತ್ತಿದೆ ಎಂದು ನನಗನ್ನಿಸುತ್ತದೆ. ಹೊಸದಾಗಿ ತಯಾರಿಸಿದ ರಾಸಾಯನಿಕವನ್ನು ಮೊದಲು ಪ್ರಾಣಿಗೆ ಕೊಟ್ಟು ನೋಡುವುದರಲ್ಲಿ ಅರ್ಥವಿದೆ. ಎಂಟುನೂರು ವರ್ಷಗಳಿಂದ ಮನುಷ್ಯರೇ ಕುಡಿಯುತ್ತ ಬಂದಿರುವ ಕಷಾಯವನ್ನು ಎಂಟು ಗಿಡಗಳಾಗಿ, ಒಂದೊಂದು ಗಿಡವನ್ನು ಹತ್ತಾರು ಅಣುಗಳಾಗಿ ಒಡೆದು, ಅದರಲ್ಲೊಂದನ್ನು ಇಲಿಗೆ ಚುಚ್ಚಿ ಆರಂಭಿಸುವುದರಲ್ಲಿ ಏನರ್ಥ? ಮೊದಲು ಕೇಳಬೇಕಾದ ಪ್ರಶ್ನೆ ಆ ಕಷಾಯ ರೋಗಿಗಳಿಗೆ ಗುಣ ಕೊಡುತ್ತದೆಯೇ ಎಂಬುದು. ಕೊಡುವುದು ನಿಶ್ಚಯವಾದರೆ, ಅದರಲ್ಲಿನ ಯಾವ ಅಣು ಎಂದು ಹುಡುಕಲು ಇಲಿಗಳಿದ್ದೇ ಇವೆ. ನಮ್ಮ ದೇಶದಲ್ಲಿ ಮುಂಬೈನ ಡಾ. ಅಶೋಕ್ ವೈದ್ಯ ಅವರು ಆಯುರ್ವೇದದ ಔಷಧಗಳಿಗೆ 'ರಿವರ್ಸ್ ಫಾರ್ಮಕಾಲಜಿ' ಎಂಬ ಹೆಸರಿನಲ್ಲಿ ಪ್ರತಿಪಾದಿಸಿದ್ದು ಇದೇ ದಾರಿಯನ್ನು. ಅಮೆರಿಕದ ಔಷಧ ನಿಯಂತ್ರಕರೂ ಸಸ್ಯಮೂಲದ ಔಷಧಗಳಿಗಾಗಿ 2004ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಹಿಂದಿನಿಂದ ಮನುಷ್ಯರ ಬಳಕೆಯಲ್ಲಿರುವ ಪದಾರ್ಥಕ್ಕೆ ಆರಂಭಿಕ ಪ್ರಾಣಿ ಪರೀಕ್ಷೆಗಳಲ್ಲಿ ಸಡಿಲಿಕೆಗೆ ಎಡೆಮಾಡಿಕೊಟ್ಟಿದ್ದಾರೆ. ಆದರೂ ಇಲಿಯ ಲೇಖನಗಳೇ ಹೆಚ್ಚುತ್ತಿರುವುದಕ್ಕೆ ಕಾರಣ ಸರಳ: ಅವು ಕೆಲವು ತಿಂಗಳಲ್ಲಿ ಮುಗಿಯುತ್ತವೆ, ಅಣುವಿಗೆ ಪೇಟೆಂಟ್ ಸಿಗುವ ಆಸೆ ಇರುತ್ತದೆ, ಹಳೆಯ ಕಷಾಯಕ್ಕೆ ಅದಿಲ್ಲ.

ಮನುಷ್ಯರ ಮೇಲಿನ ಪರೀಕ್ಷೆಗಳೇ ನಡೆದಿಲ್ಲವೆಂದಲ್ಲ. ಚೀನಾದಲ್ಲಿ ಶ್ಯಾವೊಯಾವೊ ಬಗ್ಗೆಯೇ ಬಹಳಷ್ಟು ನಡೆದಿವೆ, ಹೆಚ್ಚಿನವುಗಳ ಫಲಿತಾಂಶ ಅನುಕೂಲಕರವಾಗಿಯೇ ಇದೆ. ಅವುಗಳನ್ನು ಒಟ್ಟುಗೂಡಿಸಿ ಪರಾಮರ್ಶಿಸಿದವರು ಮಾತ್ರ ಪರೀಕ್ಷೆಗಳ ಗುಣಮಟ್ಟ ಸಾಲದೆಂದು ಮತ್ತೆಮತ್ತೆ ಹೇಳುತ್ತ ಬಂದಿದ್ದಾರೆ. ಏನು ಸಾಲದು ಎಂಬುದನ್ನು ವಿವರಿಸಲು ಚೀನೀ ಮೂಲಿಕೆಗಿಂತ ಯೂರೋಪಿನ ಒಂದು ಮೂಲಿಕೆಯ ಉದಾಹರಣೆ ಹೆಚ್ಚು ಒಪ್ಪುತ್ತದೆ, ಏಕೆಂದರೆ ಖಿನ್ನತೆಗೆ ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ಗಿಡ ಅದು: ಸೇಂಟ್ ಜಾನ್ಸ್ ವೋರ್ಟ್. ಅಮೆರಿಕದಲ್ಲಿ 340 ರೋಗಿಗಳ ಮೇಲೆ ಎಂಟು ವಾರ ನಡೆದ ಪರೀಕ್ಷೆಯೊಂದರ ಫಲಿತಾಂಶ 2002ರಲ್ಲಿ ಹೊರಬಂತು. ಕೆಲವರಿಗೆ ಈ ಮೂಲಿಕೆಯ ಸಾರ, ಕೆಲವರಿಗೆ ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ, ಇನ್ನುಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಡಲಾಗಿತ್ತು. ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ತಿಳಿದಿರಲಿಲ್ಲ. ಪೂರ್ಣ ಗುಣ ಕಂಡವರು ಮೂಲಿಕೆಯ ಗುಂಪಿನಲ್ಲಿ ಶೇ 23.9, ಸರ್ಟ್ರಾಲಿನ್ ಗುಂಪಿನಲ್ಲಿ ಶೇ 24.8. ಇಷ್ಟಕ್ಕೇ ನಿಲ್ಲಿಸಿದ್ದರೆ ಮರುದಿನದ ಪತ್ರಿಕೆಯ ತಲೆಬರಹ 'ಮೂಲಿಕೆ ಮಾತ್ರೆಗೆ ಸಮ' ಎಂದಾಗುತ್ತಿತ್ತು. ಆದರೆ ಹುಸಿಮಾತ್ರೆಯ ಗುಂಪಿನಲ್ಲಿ ಅದೇ ಅಳತೆಯಲ್ಲಿ ಗುಣ ಕಂಡವರು ಶೇ 31.9. ಆ ಪರೀಕ್ಷೆಯ ಮುಖ್ಯ ಅಳತೆಗಳಲ್ಲಿ ಎರಡು ಔಷಧಗಳೂ ಹುಸಿಮಾತ್ರೆಯನ್ನು ಮೀರಿಸಲಿಲ್ಲ.

ಚೀನೀ ಮೂಲಿಕೆಗಳ ಪರೀಕ್ಷೆಗಳಲ್ಲಿ ಎಷ್ಟೋ ಇಂಥವೇ, ಆದರೆ ಹುಸಿಮಾತ್ರೆಯ ಗುಂಪೇ ಇಲ್ಲದವು. ಮೂಲಿಕೆಯನ್ನು ಫ್ಲುವೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆಗೆ ಹೋಲಿಸಿ, ನಲವತ್ತೋ ಅರವತ್ತೋ ರೋಗಿಗಳಲ್ಲಿ 'ವ್ಯತ್ಯಾಸ ಕಾಣಲಿಲ್ಲ' ಎಂದು ಕಂಡು, 'ಸಮಾನ ಪರಿಣಾಮಕಾರಿ' ಎಂದು ಬರೆದುಬಿಡುತ್ತಾರೆ. ಅಷ್ಟು ಸಣ್ಣ ಗುಂಪಿನಲ್ಲಿ ಇರುವ ವ್ಯತ್ಯಾಸವೂ ಕಾಣುವುದಿಲ್ಲ. ಇದು ಚೀನಾದವರ ದೋಷವಷ್ಟೇ ಅಲ್ಲ. ನಮ್ಮ ಅರಿಶಿನದ ಕರ್ಕ್ಯುಮಿನ್ ಬಗ್ಗೆ ಗುಜರಾತಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ 60 ರೋಗಿಗಳ ಪರೀಕ್ಷೆಯಲ್ಲೂ ಕರ್ಕ್ಯುಮಿನ್ ಗುಂಪಿನ ಶೇ 62.5, ಫ್ಲುವೊಕ್ಸೆಟಿನ್ ಗುಂಪಿನ ಶೇ 64.7 ಜನ ಚೇತರಿಸಿಕೊಂಡರು. ಹುಸಿಮಾತ್ರೆಯ ಗುಂಪು ಇರಲಿಲ್ಲ. ಖಿನ್ನತೆಯ ಪರೀಕ್ಷೆಗಳಲ್ಲಿ ಹುಸಿಮಾತ್ರೆ ತೆಗೆದುಕೊಂಡವರಲ್ಲೇ ಶೇ 35ರಿಂದ 40ರಷ್ಟು ಜನ ಸುಧಾರಿಸುವುದು ಸಾಮಾನ್ಯ ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿಗಳನ್ನು ಓದಬೇಕು. ಇನ್ನೊಂದು ಬಗೆಯ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಮಾತ್ರೆ ಮಾತ್ರ, ಇನ್ನೊಂದಕ್ಕೆ ಮಾತ್ರೆಯ ಜೊತೆಗೆ ಕಷಾಯ. ಕಷಾಯ ಕುಡಿಯುವವನಿಗೆ ತಾನು ಹೆಚ್ಚಿನದೇನನ್ನೋ ಪಡೆಯುತ್ತಿದ್ದೇನೆಂದು ಗೊತ್ತಿರುತ್ತದೆ. ಇಂತಹ ಪರೀಕ್ಷೆಯಲ್ಲಿ ಕಷಾಯ ಸೋಲುವುದೇ ಅಪರೂಪ.

ಅಳೆಯುವ ಕೋಲನ್ನೂ ನೋಡಬೇಕು. ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ರೂಪಿಸಿದ ಪಟ್ಟಿಯಲ್ಲಿ ಹದಿನೇಳು ಪ್ರಶ್ನೆಗಳು, ಗರಿಷ್ಠ 52 ಅಂಕ. ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಅದರಲ್ಲಿ ಮೂರು ಪ್ರಶ್ನೆಗಳು ಬರೀ ನಿದ್ದೆಗೆ ಸಂಬಂಧಿಸಿದವು, ಅವುಗಳಿಗೇ ಆರು ಅಂಕ. ಒಳ್ಳೆಯ ಪರೀಕ್ಷೆಗಳಲ್ಲಿ ಖಿನ್ನತೆಯ ಮಾತ್ರೆಗೂ ಹುಸಿಮಾತ್ರೆಗೂ ಇರುವ ಸರಾಸರಿ ಅಂತರ ಎರಡು ಅಂಕದ ಆಸುಪಾಸು ಮಾತ್ರ. ಹೀಗಿರುವಾಗ ನಮ್ಮ ಬೋರೆಹಣ್ಣಿನ ಜಾತಿಯ ಸ್ವಾನ್‌ಜಾವೋರೆನ್ ಬೀಜದಂತಹ, ನಿದ್ದೆ ಬರಿಸಲೆಂದೇ ಕೊಡುವ ಮೂಲಿಕೆ ರಾತ್ರಿಯ ನಿದ್ದೆಯನ್ನಷ್ಟೇ ಸುಧಾರಿಸಿದರೂ ಆ ಎರಡು ಅಂಕ ದೊರೆತುಬಿಡಬಹುದು. ನಿದ್ದೆ ಬಂದದ್ದು ಒಳ್ಳೆಯದೇ, ಅದನ್ನು ಖಿನ್ನತೆ ವಾಸಿಯಾಯಿತೆಂದು ಬರೆದುಕೊಳ್ಳುವುದು ತಪ್ಪು. ಹುಸಿ ಕಷಾಯ ತಯಾರಿಸುವುದೂ ಸುಲಭವಲ್ಲ. ಕಹಿ, ಬಣ್ಣ, ವಾಸನೆ ಎಲ್ಲ ಹೊಂದಬೇಕು, ಆದರೆ ಗುಣ ಇರಬಾರದು.

ಗೆದ್ದ ಪರೀಕ್ಷೆಗಳೇ ಹೆಚ್ಚಾಗಿ ಅಚ್ಚಾಗುವ ಪ್ರಕಟಣೆಯ ಪಕ್ಷಪಾತವನ್ನೂ ಮರೆಯುವಂತಿಲ್ಲ. ಅಕ್ಯುಪಂಕ್ಚರ್ ಬಗ್ಗೆ 1998ರಲ್ಲಿ ನಡೆದ ಒಂದು ಪರಾಮರ್ಶೆಯಲ್ಲಿ ಚೀನಾದಿಂದ ಬಂದ ಪ್ರತಿಯೊಂದು ಪರೀಕ್ಷೆಯೂ ಅನುಕೂಲಕರ ಫಲಿತಾಂಶವನ್ನೇ ತೋರಿಸಿತ್ತು, ಸೋತದ್ದು ಒಂದೂ ಇರಲಿಲ್ಲ. ಚೀನಾ ಸರ್ಕಾರಕ್ಕೂ ಇದರ ಅರಿವಿದೆ. ಪರವಾನಗಿ ಕೋರಿದ್ದ 1,622 ಔಷಧ ಅರ್ಜಿಗಳ ಪರೀಕ್ಷಾ ದಾಖಲೆಗಳನ್ನು ಕಂಪನಿಗಳೇ ಮರುಪರಿಶೀಲಿಸಬೇಕೆಂದು ಅಲ್ಲಿನ ನಿಯಂತ್ರಕರು 2015ರಲ್ಲಿ ತಾಕೀತು ಮಾಡಿದಾಗ ಬಹುಪಾಲು ಅರ್ಜಿಗಳನ್ನು ಕಂಪನಿಗಳು ಹಿಂದಕ್ಕೆ ಪಡೆದವು. ಅವು ಮೂಲಿಕೆಗಳಷ್ಟೇ ಅಲ್ಲ, ಎಲ್ಲ ಬಗೆಯ ಔಷಧಗಳೂ ಆಗಿದ್ದವು. ಮೂಲಿಕಾ ಯೋಗಗಳ ಪರೀಕ್ಷೆಯನ್ನು ಹೇಗೆ ವರದಿ ಮಾಡಬೇಕೆಂಬ ಅಂತರರಾಷ್ಟ್ರೀಯ ನಿಯಮಾವಳಿ 2017ರಲ್ಲಿ ಬಂದಿದೆ, ಈಚಿನ ಕೆಲವು ಪರೀಕ್ಷೆಗಳು ಮೊದಲಿಗಿಂತ ಮೇಲು ಎನ್ನಬಹುದು.

ಇಷ್ಟಾದರೂ ಚೀನಾದಲ್ಲಿ ಖಿನ್ನತೆಗೆಂದು ಅಧಿಕೃತ ಪರವಾನಗಿ ಪಡೆದ ಮೂಲಿಕಾ ಔಷಧಗಳಿವೆ. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಖಿನ್ನತೆಗೆ 2008ರಲ್ಲಿ ಒಪ್ಪಿಗೆ ಪಡೆದ ಶೂಗಾನ್ ಜ್ಯೆಯೂ ಕ್ಯಾಪ್ಸೂಲ್ ಅವುಗಳಲ್ಲೊಂದು. ಅದರ ಎರಡು ಘಟಕಗಳಲ್ಲಿ ಒಂದು ಮೇಲೆ ಹೇಳಿದ ಸೇಂಟ್ ಜಾನ್ಸ್ ವೋರ್ಟ್ ಗಿಡವೇ, ಚೀನೀ ಹೆಸರಿನಲ್ಲಿ. ಇನ್ನೊಂದು 2012ರಲ್ಲಿ ಒಪ್ಪಿಗೆ ಪಡೆದ, ಬಾಜೀತ್ಯಾನ್ ಎಂಬ ಬೇರಿನಿಂದ ತೆಗೆದ ಸಕ್ಕರೆಸರಪಳಿಗಳ ಕ್ಯಾಪ್ಸೂಲ್. ಈ ಸರಪಳಿಗಳು ಕರುಳಿನಲ್ಲಿ ಜೀರ್ಣವಾಗದೆ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ನಮ್ಮಲ್ಲಿ ಮಾರುವ ನೋನಿ ಈ ಗಿಡದ ಕುಲದ್ದೇ ಆದರೂ ಪ್ರಭೇದ ಬೇರೆ, ಆದ್ದರಿಂದ ನೋನಿ ರಸ ಕುಡಿದರಾಯಿತು ಎಂದು ಯಾರೂ ಹೊರಡಬಾರದು.

ನಿಮ್ಮ ತಂಗಿಗೆ ಅತ್ಯಂತ ಮುಖ್ಯವಾದ ಎಚ್ಚರಿಕೆ ಇಲ್ಲೇ ಇದೆ. ಸೇಂಟ್ ಜಾನ್ಸ್ ವೋರ್ಟ್ ಇರುವ ಯಾವುದನ್ನೂ ಎಸಿಟಲೋಪ್ರಾಮ್ ಜೊತೆಗೆ ತೆಗೆದುಕೊಳ್ಳಬಾರದು. ಸೆರೊಟೋನಿನ್ ಮಿತಿಮೀರಿ ನಡುಕ, ಬೆವರು, ಭೇದಿ, ತಳಮಳ, ಜ್ವರ ಬರಬಹುದು, ಪ್ರಾಣಾಪಾಯವೂ ಆಗಬಹುದು. ಅದಲ್ಲದೆ ಆ ಗಿಡ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಬೇರೆ ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ. ಹೃದಯ ಕಸಿ ಮಾಡಿಸಿಕೊಂಡಿದ್ದ ಇಬ್ಬರು ರೋಗಿಗಳಲ್ಲಿ, ಕಸಿ ಉಳಿಯಲೆಂದು ಕೊಡುವ ಸೈಕ್ಲೋಸ್ಪೋರಿನ್ ಔಷಧದ ಮಟ್ಟ ಕುಸಿದು ದೇಹ ಕಸಿಯನ್ನು ತಿರಸ್ಕರಿಸಲು ಆರಂಭಿಸಿದ್ದು ಜೂರಿಕ್‌ನಿಂದ 2000ರಲ್ಲಿ ವರದಿಯಾಗಿತ್ತು. ಗರ್ಭನಿರೋಧಕ ಮಾತ್ರೆಯೂ ಹೀಗೆ ಕೈಕೊಡಬಹುದು.

ಶ್ಯಾವೊಯಾವೊದ ಮೂಲ ಯೋಗದಲ್ಲಿ ಈ ಗಿಡ ಇಲ್ಲ. ಹಾಗೆಂದು ಅದು ನಿರಪಾಯವೆಂದಲ್ಲ. ಅದರಲ್ಲಿನ ಜ್ಯೇಷ್ಠಮಧು ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ಸೇರಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ದಾಂಗ್‌ಗುಯಿ ಬೇರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ ತರಬಹುದು. ಛಾಯ್‌ಹೂವಿನ ಒಂದು ಸೋದರ ಪ್ರಭೇದ ವಿಷಕಾರಿ, ಅದನ್ನು ಬಳಸಬಾರದೆಂದು ಚೀನಾದ ಔಷಧಕೋಶವೇ ಹೇಳುತ್ತದೆ. ಇದೇ ಯೋಗಕ್ಕೆ ಇನ್ನೆರಡು ಮೂಲಿಕೆ ಸೇರಿಸಿದ 'ಜಿಯಾವೇ' ಶ್ಯಾವೊಯಾವೊ ಎಂಬುದೂ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ಗಾರ್ಡೇನಿಯಾ ಕಾಯಿ ಇರುತ್ತದೆ. ಆ ಕಾಯಿಯ ಜೆನಿಪೊಸೈಡ್ ಎಂಬ ಅಂಶ ಇಲಿಗಳಲ್ಲಿ ಖಿನ್ನತೆ ಕಳೆಯಿತೆಂದು ಸಾಕಷ್ಟು ಲೇಖನಗಳು ಬಂದಿವೆ. ಅದೇ ಕಾಯಿಯ ಯೋಗಗಳನ್ನು ವರ್ಷಗಟ್ಟಲೆ ಸೇವಿಸಿದವರ ದೊಡ್ಡ ಕರುಳಿನ ರಕ್ತನಾಳಗಳು ಗಡುಸಾಗಿ ಸುಣ್ಣಗಟ್ಟಿದ ಪ್ರಕರಣಗಳು ಜಪಾನಿನಲ್ಲಿ ದಾಖಲಾಗಿವೆ. ಇಲಿಯ ಪರೀಕ್ಷೆ ಕೆಲವೇ ವಾರಗಳದ್ದು, ಇಂತಹ ಹಾನಿ ಅದರಲ್ಲಿ ಕಾಣಿಸಲು ಸಾಧ್ಯವೇ ಇಲ್ಲ. ಗಿಡಗಳು ಅದಲುಬದಲಾಗುವ ಅಪಾಯವೂ ಕಡಿಮೆಯದಲ್ಲ. ಬೆಲ್ಜಿಯಂನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಮಾತ್ರೆಗಳಲ್ಲಿ ಒಂದು ಚೀನೀ ಬೇರಿನ ಬದಲು ಹೆಸರಿನಲ್ಲಿ ಹೋಲುವ ಇನ್ನೊಂದು ಬೇರು ಸೇರಿ, ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲದಿಂದ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಹಾಳಾದವು, ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು.

ಹಾಗಾದರೆ ನಿಮ್ಮ ತಂಗಿ ಈಗ ಏನು ಮಾಡಬೇಕು? ಎಂಟು ತಿಂಗಳಾದ ಮೇಲೂ ಅವರು ಬೇರೆ ಮದ್ದು ಹುಡುಕುತ್ತಿದ್ದಾರೆಂದರೆ ಈಗಿನ ಮಾತ್ರೆ ಸಾಕಷ್ಟು ಗುಣ ಕೊಟ್ಟಿಲ್ಲ, ಇಲ್ಲವೇ ಅದರ ಅಡ್ಡಪರಿಣಾಮ ಅವರನ್ನು ಕಾಡುತ್ತಿದೆ ಎಂದು ನನಗನ್ನಿಸುತ್ತದೆ. ಅದನ್ನು ನೀವು ಅಕ್ಕರೆಯಿಂದ ಕೇಳಿ ತಿಳಿದುಕೊಳ್ಳಿ. ಲೈಂಗಿಕ ಆಸಕ್ತಿ ಕುಗ್ಗುವುದು, ತೂಕ ಹೆಚ್ಚುವುದು, ಭಾವನೆಗಳೆಲ್ಲ ಮಂಕಾದಂತೆ ಅನ್ನಿಸುವುದು ಈ ಗುಂಪಿನ ಮಾತ್ರೆಗಳಲ್ಲಿ ಸಾಮಾನ್ಯ. ನಮ್ಮ ಹೆಣ್ಣುಮಕ್ಕಳು ವೈದ್ಯರೆದುರು ಅದನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಹೇಳಿದರೆ ಪ್ರಮಾಣ ಬದಲಿಸಬಹುದು, ಔಷಧ ಬದಲಿಸಬಹುದು, ಮಾತಿನ ಚಿಕಿತ್ಸೆಯನ್ನು ಸೇರಿಸಬಹುದು. ಈ ಮೂರಕ್ಕೂ ಗುಳಿಗೆಗಿಂತ ಗಟ್ಟಿಯಾದ ಸಾಕ್ಷ್ಯವಿದೆ.

ಇಷ್ಟಾದಮೇಲೂ ಗುಳಿಗೆ ಬೇಕೆಂದರೆ ಸಹೋದ್ಯೋಗಿಯ ಮಾತಿನ ಮೇಲೆ ಆರಂಭಿಸುವುದು ಬೇಡ. ಸಿಂಗಪುರದಲ್ಲಿ ಚೀನೀ ವೈದ್ಯರು ಕಾನೂನಿನ ಪ್ರಕಾರ ನೋಂದಾಯಿಸಿಕೊಂಡಿರಬೇಕು, ಸಿದ್ಧ ಗುಳಿಗೆಗಳೂ ಅಲ್ಲಿನ ಆರೋಗ್ಯ ಪ್ರಾಧಿಕಾರದ ಪಟ್ಟಿಯಲ್ಲಿರಬೇಕು. ಆ ಮಟ್ಟಿಗೆ ಅವರು ಇಲ್ಲಿ ಅಂತರ್ಜಾಲದಲ್ಲಿ ತರಿಸಿಕೊಳ್ಳುವವರಿಗಿಂತ ಸುರಕ್ಷಿತರು. ನೋಂದಾಯಿತ ಚೀನೀ ವೈದ್ಯರಿಗೆ ಎಸಿಟಲೋಪ್ರಾಮ್ ವಿಷಯವನ್ನೂ ಮನೋವೈದ್ಯರಿಗೆ ಗುಳಿಗೆಯ ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಗರ್ಭಿಣಿಯಾಗಿದ್ದರೆ ಅಥವಾ ಆಗುವ ಯೋಚನೆಯಿದ್ದರೆ ಗುಳಿಗೆ ಬೇಡವೇ ಬೇಡ. ಆರಂಭಿಸಿದರೆ ರಕ್ತದೊತ್ತಡ, ಪೊಟ್ಯಾಸಿಯಂ, ಯಕೃತ್ತಿನ ಪರೀಕ್ಷೆಗಳನ್ನು ಮಾಡಿಸಿಕೊಳ್ಳುತ್ತಿರಬೇಕು. ಕಣ್ಣು ಹಳದಿಯಾದರೆ, ಮೂತ್ರ ಗಾಢಬಣ್ಣಕ್ಕೆ ತಿರುಗಿದರೆ, ಒಣಕೆಮ್ಮಿನ ಜೊತೆ ಉಸಿರುಗಟ್ಟಿದರೆ ಆ ದಿನವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಬದುಕು ಸಾಕೆನ್ನುವ ಮಾತು ಅವರ ಬಾಯಲ್ಲಿ ಎಂದಾದರೂ ಬಂದರೆ ಈ ಚರ್ಚೆಯನ್ನೆಲ್ಲ ಬದಿಗಿಟ್ಟು ಕೂಡಲೇ ನೆರವು ಪಡೆಯಿರಿ. ಸಿಂಗಪುರದಲ್ಲಿ 1767, ನಮ್ಮಲ್ಲಿ ಟೆಲಿ ಮಾನಸ್‌ನ 14416 ಹಗಲಿರುಳೂ ಲಭ್ಯವಿರುವ ಸಂಖ್ಯೆಗಳು, ಎರಡನೆಯದರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಮುಂದಿನ ಭೇಟಿಗೆ ಹೋಗುವಾಗ ಗುಳಿಗೆಯ ಹೆಸರನ್ನು ಬರೆದುಕೊಂಡು ಹೋಗುವ ಬದಲು ಸೀಸೆಯನ್ನೇ ಪೆಟ್ಟಿಗೆ ಸಮೇತ ಒಯ್ಯಲು ಹೇಳಿ. ಮೂಲ ಶ್ಯಾವೊಯಾವೊ ಯಾವುದು, ಗಾರ್ಡೇನಿಯಾ ಸೇರಿದ್ದು ಯಾವುದು ಎಂಬುದು ಪೆಟ್ಟಿಗೆಯ ಮೇಲಿನ ಘಟಕಗಳ ಪಟ್ಟಿಯಿಂದಲೇ ಗೊತ್ತಾಗುತ್ತದೆ.